ಏಕಾದಶಿಯಂದು ಮುಚ್ಚಿದ್ದ ಹೋಟೆಲು

ತಮ್ಮನಿಗೆ ಹೆಣ್ಣು ನೋಡಲು ಹೊರಟೆವು ಎಂದರೆ ಸುಳ್ಳಾಗುತ್ತದೆ. ಹೆಣ್ಣನ್ನು ಅವನೇ ನೋಡಿ ಎರಡು ವರ್ಷವಾಗಿತ್ತು. ನಾವು ಹೊರಟಿದ್ದು ಹೆಣ್ಣಿನ ಅಪ್ಪ ಅಮ್ಮನನ್ನು ನೋಡಲು. ನಮ್ಮ ಅಪ್ಪ ಅಮ್ಮ ಮೈಸೂರಿನಿಂದ ಬೆಂಗಳೂರಿನ ನನ್ನ ಮನೆಗೆ ಬಂದರು. ಚಕ್ಕುಲಿಯ ಡಬ್ಬ, ಮೈಸೂರು ಪಾಕು, ಒಂದು ಚಿಪ್ಪು ರಸಬಾಳೆ ಎಲ್ಲವನ್ನೂ ಮತ್ತೊಮ್ಮೆ ಬಿಚ್ಚಿ ಕಟ್ಟಿದರು. ರಾತ್ರಿ ಎಂಟರ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಸಂಜೆ ಐದಕ್ಕೇ ನನ್ನನ್ನು ಮನೆಯಿಂದ ಎಬ್ಬಿಸಿದರು. ಮೂರನೇ ದರ್ಜೆ ಎಸಿಯಲ್ಲಿ ನನಗೆ ಸಾವಿರದ ನಾನೂರು ಚಿಲ್ಲರೆ ಆಯಿತು. ಅವರಿಬ್ಬರಿಗೂ ಹಿರಿಯರ ರಿಯಾಯಿತಿ ಸಿಕ್ಕಿತ್ತು. ಪ್ರವಾಸದ ಅರ್ಧ ಸಂತೋಷ ಅಪ್ಪನಿಗೆ ಅಲ್ಲೇ ಬಂದಿತ್ತು.

ನನ್ನ ತಮ್ಮ ಗುರು ಮಹಾರಾಷ್ಟ್ರದ ವಾಶಿಯ ಒಂದು ಹಣಕಾಸು ಕಂಪನಿಯಲ್ಲಿದ್ದ. ವಾಸ ಘಣಸೋಲಿಯ ಬಾಡಿಗೆ ಮನೆಯಲ್ಲಿ. ಹುಡುಗಿ ಅಕ್ಷತಾ ಅದೇ ಆಫೀಸಿನವಳು. ಉಡುಪಿ ಕಡೆಯ ಶೆಟ್ಟರ ಮಗಳು, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಜಾತಿಯ ಮಾತು ಮನೆಯಲ್ಲಿ ಮೊದಲೇ ಆಗಿ ಮುಗಿದಿತ್ತು. ಅಮ್ಮ ಒಂದು ತಿಂಗಳು ಅತ್ತು, ಎರಡನೆಯ ತಿಂಗಳು ಸೀರೆ ಅಂಗಡಿ ಸುತ್ತಲು ಶುರು ಮಾಡಿದ್ದಳು. ‘ಹುಡುಗಿಯ ಅಪ್ಪನಿಗೆ ಕಲ್ಯಾಣ್‌ನಲ್ಲಿ ಹೋಟೆಲ್ ಇದೆ’ ಎಂದು ಗುರು ಹೇಳಿದ್ದ. ಉಡುಪಿಯವರು, ಹೋಟೆಲು, ಇನ್ನು ಕೇಳುವುದೇನಿದೆ ಎಂದು ಅಪ್ಪ ತಲೆಯಾಡಿಸಿದ್ದರು.

ನನಗೆ ಇನ್ನೊಂದು ಗುಟ್ಟಿನ ಆಸೆಯೂ ಇತ್ತು. ಬೆಂಗಳೂರಿನಲ್ಲಿ ಆಗಾಗಲೇ ಬೀದಿಗೊಂದು ಬಿಯರ್ ಕಾಯಿಸುವ ಮನೆ ಎದ್ದಿತ್ತು. ಅಲ್ಲೇ ತಯಾರಿಸಿ, ಅಲ್ಲೇ ಬಗ್ಗಿಸಿ ಕೊಡುವ ತಾಜಾ ಬಿಯರು. ನನಗೂ ನನ್ನ ಗಂಡನಿಗೂ ಅದರ ಹುಚ್ಚು. ಯಾವ ಊರಿಗೆ ಹೋದರೂ ಅಲ್ಲಿನ ದೇವಸ್ಥಾನ ಒಂದು, ಅಲ್ಲಿನ ಬಿಯರು ಒಂದು ನೋಡದೆ ಬಂದವರಲ್ಲ. ಠಾಣೆಯಲ್ಲೂ ಒಂದು ಹೊಸದಾಗಿ ಶುರುವಾಗಿದೆ ಎಂದು ಗುರು ಹೇಳಿದ್ದರಿಂದ ನನ್ನ ಬಾಯಲ್ಲಿ ನೀರೂರುತ್ತಿತ್ತು. ಅಪ್ಪ ಅಮ್ಮನಿಗೆ ಇದು ಗೊತ್ತಿಲ್ಲ ಎಂಬ ಧೈರ್ಯ ಬೇರೆ.

ಕುಡಿತದ ವಿಷಯದಲ್ಲಿ ನಮ್ಮ ಮನೆಯದು ಒಂದು ಸಂಪ್ರದಾಯ. ಅಪ್ಪ ಬ್ಯಾಂಕಿನಿಂದ ನಿವೃತ್ತರು. ಶನಿವಾರ ಸಂಜೆ ಏಳಕ್ಕೆ ‘ಕೇರಂ ಆಡಿ ಬರ್ತೀನಿ’ ಎಂದು ಗೆಳೆಯರ ಮನೆಗೆ ಹೋಗುತ್ತಾರೆ. ಎರಡು ಪೆಗ್ಗು ವಿಸ್ಕಿ ಮುಗಿಸಿ ಏಲಕ್ಕಿ ಜಗಿಯುತ್ತ ಬರುತ್ತಾರೆ. ಮಕ್ಕಳಿಗೆ ಗೊತ್ತು, ಗೊತ್ತಿದೆ ಎಂದು ನಾವು ತೋರಿಸುವುದಿಲ್ಲ. ಅಮ್ಮನಿಗೆ ಮಾತ್ರ ಏನೂ ಗೊತ್ತಿಲ್ಲ ಎಂದು ನಾವು ಮೂವರೂ ನಂಬಿದ್ದೆವು. ಅಪ್ಪನಿಗೆ ಈ ವಾರದ ಶನಿವಾರ ರೈಲಿನಲ್ಲೇ ಕಳೆಯಬೇಕಿತ್ತು. ಆ ಬೇಸರ ಮುಖದಲ್ಲಿ ಕಾಣುತ್ತಿತ್ತು.

ಬೆಳಿಗ್ಗೆ ಸೊಲ್ಲಾಪುರ ದಾಟಿದ ಮೇಲೆ, ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಅಪ್ಪ ಗಂಭೀರವಾದರು. "ನೋಡಮ್ಮ ವಿದ್ಯಾ, ನನಗೆ ಆಸ್ತಿ ಬೇಡ, ಅಂತಸ್ತು ಬೇಡ. ಬೀಗರು ನೇರವಾಗಿರಬೇಕು, ಅಷ್ಟೇ. ಏನನ್ನಾದರೂ ಮುಚ್ಚಿಟ್ಟಿದ್ದಾರೆ ಅಂತ ಗೊತ್ತಾದರೆ, ಎಲೆ ಮುಂದೆ ಕೂತಿದ್ದರೂ ಎದ್ದು ಬರ್ತೀನಿ. ಸಂಬಂಧವೂ ಅಲ್ಲಿಗೇ ಮುಗೀತು."

"ಆಯ್ತು, ತಿನ್ನಿ," ಎಂದಳು ಅಮ್ಮ. ಆದರೆ ಅಪ್ಪ ಬಾಯಿ ಬಿಟ್ಟು ಹೇಳಿದರೆ ಮಾಡುವ ಜನ. ಅತ್ತೆಯ ಮಗನ ಮದುವೆಯಲ್ಲಿ ಹಾಗೆ ಎದ್ದು ಬಂದದ್ದು ನನಗೇ ನೆನಪಿದೆ.

ಪುಣೆ ಕಳೆದ ಮೇಲೆ ಘಾಟಿ. ಮಳೆಗಾಲ ಮುಗಿದಿದ್ದರೂ ಬೆಟ್ಟಗಳಿನ್ನೂ ಹಸಿರಾಗಿದ್ದವು. ಸುರಂಗ ಬಂದಾಗಲೆಲ್ಲ ಅಮ್ಮ ‘ಕೃಷ್ಣಾ’ ಎನ್ನುತ್ತಿದ್ದಳು, ಹೊರಗೆ ಬಂದ ಕೂಡಲೇ ಚಕ್ಕುಲಿ ಮುರಿಯುತ್ತಿದ್ದಳು. ಕರ್ಜತ್‌ನಲ್ಲಿ ಹತ್ತು ರೂಪಾಯಿಗೆ ಒಂದರಂತೆ ವಡಾಪಾವ್ ತಿಂದೆವು. ಇದರಲ್ಲಿ ಬನ್ನು ಯಾಕೆ, ಬರೀ ಬೋಂಡ ಸಾಕಿತ್ತು ಎಂಬುದು ಅಪ್ಪನ ತೀರ್ಪು. ಕತ್ತಲಾಗುವ ಹೊತ್ತಿಗೆ ಕಲ್ಯಾಣ್‌ನಲ್ಲಿ ಇಳಿದೆವು. ಗುರು ಟ್ಯಾಕ್ಸಿ ಹಿಡಿದು ಕಾದಿದ್ದ. ಶಿಲ್‌ಫಾಟಾ ರಸ್ತೆಯಲ್ಲಿ ಲಾರಿಗಳ ಹಿಂದೆ ಆಮೆಯಂತೆ ತೆವಳಿ ಘಣಸೋಲಿ ಸೇರಲು ಒಂದೂವರೆ ಗಂಟೆ ಹಿಡಿಯಿತು.

ಹಾಲು ತರುವ ನೆಪದಲ್ಲಿ ಗುರು ನನ್ನನ್ನು ಕೆಳಗೆ ಕರೆದುಕೊಂಡು ಹೋದ. ಹಳೆಯ ಊರಿನ ಓಣಿಯಲ್ಲಿ ಬೊಂಬಿಲ್ ಮೀನು ಮಾರುವವರ ಬುಟ್ಟಿಗಳ ಪಕ್ಕ ನಿಂತು ಮುಖ ಕಿವುಚಿದ.

"ಅಕ್ಕಾ, ಅವರ ಹೋಟೆಲಲ್ಲಿ ಇಡ್ಲಿ ಇಲ್ಲ."

"ದೋಸೆ?"

"ದೋಸೆನೂ ಇಲ್ಲ. ಬಾರು ಕಣೇ ಅದು. ಬಾರ್ ಅಂಡ್ ರೆಸ್ಟೋರೆಂಟ್. ಇಲ್ಲಿ ಪರ್ಮಿಟ್ ರೂಮ್ ಅಂತಾರಲ್ಲ, ಅದು."

ನನಗೆ ನಗು ತಡೆಯಲಿಲ್ಲ. ಅವನ ಕಣ್ಣಲ್ಲಿ ನೀರು ನೋಡಿ ನಗು ನಿಂತಿತು. "ಅಪ್ಪ ರೈಲಲ್ಲಿ ಏನು ಹೇಳಿದರು ಗೊತ್ತೇನೋ?" ಎಂದು ಹೇಳಿದೆ. ಅವನು ಇನ್ನಷ್ಟು ಇಳಿದುಹೋದ. ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಮನೆಯವರು ಭಾರಿ ಮಡಿ, ಹೆಂಡದ ಹೆಸರೆತ್ತಿದರೆ ತಲೆಗೆ ಸ್ನಾನ ಮಾಡುತ್ತಾರೆ ಎಂದು ಇವನೇ ಅಕ್ಷತಾಳಿಗೆ ಹೇಳಿದ್ದ. ಅವಳು ಹೋಗಿ ತನ್ನ ಅಪ್ಪನಿಗೆ ಹೇಳಿದ್ದಳು. ‘ಹೋಟೆಲ್ ಅಂತ ಮಾತ್ರ ಹೇಳಿ ಪಪ್ಪಾ, ಬಾರ್ ಅನ್ಬೇಡಿ’ ಎಂದು ಬೇಡಿಕೊಂಡಿದ್ದಳು.

"ಅಪ್ಪನ ಕೇರಂ ವಿಷಯ ಹೇಳಬಾರದಿತ್ತೇನೋ?" ಎಂದೆ.

"ಭಾವಿ ಮಾವನಿಗೆ ಅದನ್ನ ಹೇಗೆ ಹೇಳಲಿ ಅಕ್ಕಾ!"

ನಾಳೆ ಒಂದು ದಿನ ಕಳೆಯಲಿ, ಪರಸ್ಪರ ಒಗ್ಗಲಿ, ಆಮೇಲೆ ಸಮಯ ನೋಡಿ ನಾನೇ ಹೇಳುತ್ತೇನೆ ಎಂದು ಅವನಿಗೆ ಧೈರ್ಯ ಕೊಟ್ಟೆ. ನನಗೇ ಧೈರ್ಯವಿರಲಿಲ್ಲ.

ಮರುದಿನ ಭಾನುವಾರ, ಕಾರ್ತಿಕ ಏಕಾದಶಿ. ದಿನ ಗೊತ್ತು ಮಾಡಿದವರು ಹುಡುಗಿಯ ಅಪ್ಪ, ಸದಾನಂದ ಶೆಟ್ಟರು. ‘ಏಕಾದಶಿ ದಿನ ಬನ್ನಿ’ ಎಂದು ಅವರು ಫೋನಿನಲ್ಲಿ ಹೇಳಿದಾಗಲೇ ಅಮ್ಮ ಕರಗಿಹೋಗಿದ್ದಳು. ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದೆ ಎಂದು ಶೆಟ್ಟರು ತಾವೇ ಕಾರು ತಂದರು. ಎತ್ತರದ ಆಳು, ಬಿಳಿ ಅಂಗಿ, ಮೆಲ್ಲನೆಯ ಮಾತು. "ಬನ್ನಿ ರಾಯರೇ, ಪ್ರಯಾಣ ಸುಖ ಆಯ್ತಾ? ಸೊಂಟ ಗಿಂಟ ನೋವು ಉಂಟಾ?" ಎಂದು ಅಪ್ಪನ ಚೀಲ ತಾವೇ ಎತ್ತಿಕೊಂಡರು. ಅಪ್ಪನಿಗೆ ಆಳು ಹಿಡಿಸಿತು ಎಂದು ನನಗೆ ಅಲ್ಲೇ ಗೊತ್ತಾಯಿತು.

ಡೊಂಬಿವಲಿಯ ಅವರ ಮನೆ ಮೂರನೇ ಮಹಡಿಯಲ್ಲಿ. ಬಾಗಿಲಲ್ಲಿ ರಂಗೋಲಿ, ಬಾಲ್ಕನಿಯಲ್ಲಿ ಕಬ್ಬು ಕಟ್ಟಿದ ತುಳಸಿ, ಗೋಡೆಯ ಮೇಲೆ ವಿಠ್ಠಲ. ಶೆಟ್ಟರ ಹೆಂಡತಿ ಸುಜಾತಕ್ಕ "ಬಲೆ ಬಲೆ, ಕುಲ್ಲುಲೆ" ಎಂದು ತುಳುವಿನಲ್ಲಿ ಕೂರಿಸಿ, ನಾಲಿಗೆ ಕಚ್ಚಿಕೊಂಡು, "ಕೂತ್ಕೊಳ್ಳಿ" ಎಂದು ಕನ್ನಡಕ್ಕೆ ಬಂದರು. ಅಕ್ಷತಾ ಎಲ್ಲರ ಕಾಲಿಗೆ ನಮಸ್ಕರಿಸಿದಳು. ಅಮ್ಮ ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ ಶುರುವಾಗಿ, ನಡುವೆ ನಾಚಿಕೊಂಡು ಕನ್ನಡಕ್ಕೆ ಹೊರಳುತ್ತಿತ್ತು. "ಹಾಂ ಆಂಟಿ, ಖಾನಾ ಮೈಂ... ಮಾಡ್ತೇನೆ, ಸ್ವಲ್ಪ ಸ್ವಲ್ಪ." ಅಮ್ಮ ಅವಳ ಕೆನ್ನೆ ಸವರಿ ಲಟಿಕೆ ಮುರಿದಳು.

ಊಟಕ್ಕೆ ಸಾಬುದಾಣಿ ಖಿಚಡಿ, ಗೆಣಸು, ಶೇಂಗಾದ ಸಾರು. ಉಪವಾಸದ ಅಡಿಗೆ. ನಮ್ಮ ಮನೆಯಲ್ಲಿ ಏಕಾದಶಿ ಅಮ್ಮನೊಬ್ಬಳದು. ಅಪ್ಪ ಆ ದಿನ ಎರಡು ಹೊತ್ತೂ ಗಡದ್ದಾಗಿ ಉಣ್ಣುವವರು. ಆದರೆ ಬೀಗರ ಮುಂದೆ ಮರ್ಯಾದೆ ಹೋದೀತೆಂದು "ನಮ್ಮಲ್ಲೂ ಅನ್ನ ಮುಟ್ಟೋದಿಲ್ಲ" ಎಂದುಬಿಟ್ಟರು. ಶೆಟ್ಟರೂ ಗೆಣಸನ್ನು ಚೂರು ಚೂರು ಮಾಡಿ ಬಹಳ ಹೊತ್ತು ಜಗಿಯುತ್ತಿದ್ದರು. ಭಾನುವಾರ ಮೀನಿಲ್ಲದೆ ಅವರು ಊಟಕ್ಕೆ ಕೂತದ್ದೇ ಇಲ್ಲ ಎಂದು ಅಕ್ಷತಾ ನನ್ನ ಕಿವಿಯಲ್ಲಿ ಹೇಳಿದಳು. ಒಬ್ಬರಿಗೋಸ್ಕರ ಇನ್ನೊಬ್ಬರು ಉಪವಾಸ ಬಿದ್ದು ಎರಡೂ ಕಡೆಯವರು ಒಣಗುತ್ತಿದ್ದರು. ನಾನೂ ಗುರುವೂ ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ.

ಊಟದ ಮೇಲೆ ಶೆಟ್ಟರು ನಮ್ಮೆಲ್ಲರನ್ನೂ ಟಿಟ್ವಾಳಾ ಗಣಪತಿಗೆ ಕರೆದೊಯ್ದರು. ಹಿತವಾದ ಬಿಸಿಲು, ಕಾಲು ಗಂಟೆಯ ಸಾಲು, ಒಳ್ಳೆಯ ದರ್ಶನ. ವಾಪಸು ಕಲ್ಯಾಣ್ ಊರೊಳಗೆ ಬರುವಾಗ, ನಾನು ಹೆದರಿದ್ದ ಮಾತನ್ನು ಅಪ್ಪ ಎತ್ತಿದರು.

"ಶೆಟ್ಟರೇ, ನಿಮ್ಮ ಹೋಟೆಲ್ ಇಲ್ಲೇ ಅಲ್ವೇ? ನಡೀರಿ, ಒಂದು ಲೋಟ ಕಾಫಿ ಕುಡಿಯೋಣ."

ಗುರು ಕೆಮ್ಮಿದ. ಶೆಟ್ಟರು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, "ಇವತ್ತು ಬಂದ್ ರಾಯರೇ," ಎಂದರು.

"ಭಾನುವಾರ ಹೋಟೆಲ್ ಬಂದೇ? ಯಾಕೆ?"

"ಏಕಾದಶಿ ಅಲ್ವಾ."

ಮಹಾರಾಷ್ಟ್ರದಲ್ಲಿ ಇದ್ದವರಿಗೆ ಇದು ಹೇಳಬೇಕಾಗಿಲ್ಲ. ಅಲ್ಲಿ ಆಷಾಢ, ಕಾರ್ತಿಕ ಏಕಾದಶಿಗಳು ಡ್ರೈ ಡೇ, ಸರ್ಕಾರವೇ ಹೆಂಡದಂಗಡಿ ಮುಚ್ಚಿಸುತ್ತದೆ. ಮೈಸೂರಿನ ಅಪ್ಪನಿಗೆ ಇದರ ಗಾಳಿಯೂ ಇಲ್ಲ. ಅವರು ಸೀಟಿನಲ್ಲಿ ನೆಟ್ಟಗಾಗಿ ಹಿಂದೆ ತಿರುಗಿ, "ಕೇಳಿದೆಯೇನೇ? ಭಾನುವಾರದ ವ್ಯಾಪಾರ! ದೇವರಿಗೋಸ್ಕರ ಬಾಗಿಲು ಹಾಕಿದಾರೆ!" ಎಂದರು. ಅಮ್ಮ ಕೈ ಮುಗಿದಳು. ಶೆಟ್ಟರ ಕಿವಿ ಕೆಂಪಾಯಿತು. ಹೌದೆನ್ನಲಾರರು, ಅಲ್ಲವೆನ್ನಲಾರರು. "ಹೆಸರೇನು ಹೋಟೆಲಿಗೆ?" ಎಂದು ಅಪ್ಪ ಮತ್ತೆ ಕೇಳಿದರು. "ಶುಭೋದಯ," ಎಂದಿತು ಬಾಡಿದ ಧ್ವನಿ. "ಆಹಾ! ಹೆಸರೇ ಹೇಳತ್ತೆ!" ಎಂದರು ಅಪ್ಪ.

ಸಂಜೆ ಘಣಸೋಲಿಗೆ ಬಂದ ಮೇಲೆ ಅಪ್ಪ ಸಂತೋಷವಾಗಿದ್ದರು, ಜೊತೆಗೇ ಪೆಚ್ಚಾಗಿಯೂ ಇದ್ದರು. "ಇಂಥ ಬೀಗರು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಅವರ ಮುಂದೆ ನಾವು ಏನೂ ಅಲ್ಲ. ಇನ್ಮೇಲೆ ನಾನು... ಕೇರಂ ಆಡೋದು ಬಿಟ್ಟುಬಿಡ್ತೀನಿ." ಅಮ್ಮ ಬಟ್ಟೆ ಮಡಚುತ್ತ, "ಕೇರಂ ಏನು ಪಾಪ ಮಾಡಿತ್ತು?" ಎಂದಳು.

ಸೋಮವಾರ ಬೆಳಿಗ್ಗೆ ಅಮ್ಮ ತುಳಸಿಗೆ ದೀಪ ಹಚ್ಚಿ ಪಾರಣೆ ಮುಗಿಸಿದಳು. ಗುರು ಆಫೀಸಿಗೆ ಹೋದ. ಅವನು ಹೋದ ಹತ್ತು ನಿಮಿಷಕ್ಕೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡೀರಿ ಕಲ್ಯಾಣ್‌ಗೆ. ಹೇಳದೆ ಕೇಳದೆ ಹೋಗಿ ಶೆಟ್ಟರ ಹೋಟೆಲಲ್ಲಿ ತಿಂಡಿ ತಿನ್ನೋಣ. ಅಂಥವರ ಕೈ ಊಟ ಪ್ರಸಾದ ಇದ್ದ ಹಾಗೆ."

ನಾನು ಏನೆಲ್ಲ ಹೂಡಿದೆ! ವಾಶಿಯ ದೊಡ್ಡ ಸಗಟು ಮಾರುಕಟ್ಟೆ ನೋಡೋಣ ಎಂದೆ. "ಮೈಸೂರಲ್ಲಿ ತರಕಾರಿ ಇಲ್ವೇನೇ?" ಮಾಲ್‌ಗೆ ಹೋಗೋಣ ಎಂದೆ. "ಬೆಂಗಳೂರಲ್ಲಿ ಸಾಕಾಗುವಷ್ಟು ನೋಡಿದೀನಿ." ಗುರುವಿಗೆ ಮೆಸೇಜ್ ಹಾಕಿದೆ. ‘ಹೇಗಾದ್ರೂ ತಪ್ಪಿಸು’ ಎಂದು ಅಲ್ಲಿಂದ ಒಂದೇ ಸಾಲು ಬಂತು. ಘಣಸೋಲಿಯಿಂದ ಠಾಣೆಗೆ ಲೋಕಲ್, ತಲಾ ಹತ್ತು ರೂಪಾಯಿ. ಠಾಣೆಯ ಮೇಲ್ಸೇತುವೆಯ ಮೇಲೆ ಕಾಲು ಉಳುಕಿತು ಎಂದು ಕುಂಟಿದೆ. ಅಪ್ಪ ನನ್ನ ಕೈ ಹಿಡಿದು, "ಶೆಟ್ಟರ ಹೋಟೆಲಲ್ಲಿ ಎಣ್ಣೆ ಸಿಗತ್ತೆ, ಹಚ್ಚಿಸೋಣ ಬಾ," ಎಂದರು. ಎಣ್ಣೆ ಧಾರಾಳವಾಗಿ ಸಿಗುವ ಜಾಗವೇ ಅದು. ನಾನು ಸುಮ್ಮನೆ ಕಲ್ಯಾಣ್ ಲೋಕಲ್ ಹತ್ತಿದೆ. ರೈಲಿನಲ್ಲೇ ಬಾಯಿ ಬಿಡೋಣ ಎಂದು ಎರಡು ಸಲ "ಅಪ್ಪಾ" ಎಂದೆ. ಡೊಂಬಿವಲಿಯಲ್ಲಿ ನುಗ್ಗಿದ ಜನ ನಮ್ಮನ್ನು ಮೂರು ದಿಕ್ಕಿಗೆ ತಳ್ಳಿಬಿಟ್ಟರು.

ಹನ್ನೊಂದೂವರೆಗೆ, ಕಲ್ಯಾಣ್ ಪೂರ್ವಕ್ಕೆ, ರೈಲು ಹಳಿಗೆ ತಾಗಿದ ಬೀದಿಯಲ್ಲಿ ರಿಕ್ಷಾ ನಿಂತಿತು. ಬೋರ್ಡಿನಲ್ಲಿ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆದಿತ್ತು: ಹೋಟೆಲ್ ಶುಭೋದಯ, ಬಾರ್ ಅಂಡ್ ರೆಸ್ಟೋರೆಂಟ್. ಬಾಗಿಲಿಗೆ ದಪ್ಪ ಕಂದು ಪರದೆ. ಪರದೆಯ ಮುಂದೆ, ಮೆಟ್ಟಿಲ ಮೇಲೆ, ಶೆಟ್ಟರು ನಮ್ಮನ್ನೇ ಕಾಯುತ್ತ ನಿಂತಿದ್ದರು.

ಅಪ್ಪ ಬೋರ್ಡು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. "ಇದೇನ್ರೀ ಇದು?"

"ನನ್ನ ಹೋಟೆಲು ರಾಯರೇ." ಶೆಟ್ಟರು ಒಂದು ಮೆಟ್ಟಿಲು ಕೆಳಗಿಳಿದರು. "ನೀವು ಬರ್ತಾ ಇದ್ದೀರಿ ಅಂತ ಮಗಳು ಫೋನ್ ಮಾಡಿದ್ಲು. ಪಕ್ಕದಲ್ಲೇ ನನ್ನ ಭಾವನ ಇಡ್ಲಿ ಹೋಟೆಲ್ ಉಂಟು, ಅದೇ ನಮ್ದು ಅಂತ ಹೇಳಿ ಪಪ್ಪಾ ಅಂದ್ಲು. ನನಗೆ ಬಾಯಿ ಬರ್ಲಿಲ್ಲ. ನಿನ್ನೆ ಅಮ್ಮನವರು ಕೈ ಮುಗಿದ್ರಲ್ಲ, ಆಗಿಂದ ನನಗೆ ನಿದ್ದೆ ಇಲ್ಲ. ನಿನ್ನೆ ಮುಚ್ಚಿದ್ದು ಭಕ್ತಿಗಲ್ಲ ಮಾರಾಯ್ರೇ, ಡ್ರೈ ಡೇ. ನಮ್ಮ ಲೈನಿನವರಿಗೆ ವರ್ಷದಲ್ಲಿ ರಜೆ ಅಂದ್ರೆ ಅದೊಂದೇ. ಹೆಣ್ಣು ನೋಡುದು, ಗೃಹಪ್ರವೇಶ, ಮಕ್ಕಳನ್ನು ತಿರುಗಾಡ್ಲಿಕ್ಕೆ ಕರ್ಕೊಂಡು ಹೋಗುದು, ಎಲ್ಲ ಡ್ರೈ ಡೇಗೇ. ಅದಕ್ಕೇ ನಿಮಗೆ ಏಕಾದಶಿ ಹೇಳಿದ್ದು. ಮುಚ್ಚಿಟ್ಟದ್ದು ತಪ್ಪೇ. ನನ್ನ ಮೇಲಿನ ಸಿಟ್ಟು ಮಗಳ ಮೇಲೆ ಹಾಕ್ಬೇಡಿ."

ಅಪ್ಪ ತಿರುಗಿ ಸ್ಟೇಷನ್ ಕಡೆಗೆ ನಡೆಯಲು ಶುರು ಮಾಡಿದರು. ಮುಗಿಯಿತು ಎಂದುಕೊಂಡೆ. ಗುರುವಿನ ಮುಖ ಕಣ್ಣ ಮುಂದೆ ಬಂತು. "ಅಪ್ಪಾ, ನಿಲ್ಲಿ!" ಎಂದು ಕೂಗಿದೆ. ನಿಲ್ಲಲಿಲ್ಲ.

ಆಗ ಅಮ್ಮ ಮಾಡಿದ ಕೆಲಸ ನಾನು ಸಾಯುವ ತನಕ ಮರೆಯುವುದಿಲ್ಲ. ಹಸಿರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದಳು. ಮೆಟ್ಟಿಲು ಹತ್ತಿ, ಕಂದು ಪರದೆ ಸರಿಸಿ, ಬಾರಿನೊಳಗೆ ಹೋಗಿ ನಡುವಿನ ಮೇಜಿಗೆ ಕೂತುಬಿಟ್ಟಳು. ಮೂಲೆಯಲ್ಲಿದ್ದ ಇಬ್ಬರು ಗಿರಾಕಿಗಳು ಗ್ಲಾಸು ಕೆಳಗಿಟ್ಟು ಎದ್ದು ನಿಂತರು. "ಶೆಟ್ಟರೇ, ಒಂದು ಕಾಫಿ ಸಿಗತ್ತೇನ್ರೀ ಇಲ್ಲಿ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು.

ಹೆಂಡತಿಯನ್ನು ಬಾರಿನಲ್ಲಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಅಪ್ಪ ಓಡಿಬಂದರು. "ಏಳೇ ಮೇಲೆ! ಮುಚ್ಚಿಟ್ಟವರ ಸಂಬಂಧ ಬೇಡ ಅಂತ ಹೇಳಿರಲಿಲ್ವೇ ನಾನು?"

"ಮುಚ್ಚಿಟ್ಟವರ ಸಂಬಂಧ ಬೇಡ ಅಂದಿದ್ರೆ ನಾನು ಮೂವತ್ತು ವರ್ಷದ ಹಿಂದೇನೇ ತೌರಿಗೆ ಹೋಗಬೇಕಿತ್ತು," ಎಂದಳು ಅಮ್ಮ. "ಯಾವ ಊರಲ್ರೀ ಕೇರಂ ಆಡಿದ್ರೆ ಬಾಯಿ ಏಲಕ್ಕಿ ವಾಸನೆ ಬರತ್ತೆ? ಶನಿವಾರ ಶನಿವಾರ ರಾತ್ರಿ ನಿಮಗೆ ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕೊಡ್ತಿದ್ದದ್ದು ಯಾಕೆ ಅಂದ್ಕೊಂಡ್ರಿ? ಶೆಟ್ಟರೇ, ಇವರಿಗೆ ಒಂದು ಗ್ಲಾಸ್ ವಿಸ್ಕಿ ಹಾಕಿ ಕೊಡಿ. ಈ ವಾರದ್ದು ತಪ್ಪಿದೆ, ಅದಕ್ಕೇ ಮೋರೆ ಹೀಗಿದೆ. ನನ್ನ ಪಾರಣೆ ಬೆಳಿಗ್ಗೆನೇ ಆಯ್ತು, ಇವರದ್ದು ಈಗ ಆಗಲಿ. ಇವಳಿಗೆ ಬಿಯರು."

"ಅಮ್ಮಾ!" ಎಂದೆ.

"ನಿನ್ನ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ ಇರೋದು ಹಾಗಲಕಾಯಿ ಕಷಾಯ ಅಂತ ನಂಬೋಕೆ ನಾನೇನು ಎಳೇ ಮಗುವೇ?"

ಅಪ್ಪ ಕುರ್ಚಿಯಲ್ಲಿ ಕುಸಿದು ಕೂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಶೆಟ್ಟರೇ, ತಪ್ಪು ನಂದು," ಎಂದರು. "ನೀವು ಬಾಗಿಲಲ್ಲಿ ನಿಂತು ನಿಜ ಹೇಳಿದಿರಿ. ನನಗೆ ಅಷ್ಟು ಧೈರ್ಯ ಇಷ್ಟು ವರ್ಷದಲ್ಲಿ ಬಂದಿರಲಿಲ್ಲ." ಶೆಟ್ಟರು ಅವರ ಕೈ ಹಿಡಿದುಕೊಂಡರು. ಹಳಿಯ ಮೇಲೆ ಒಂದು ಲೋಕಲ್ ಹೋಯಿತು; ಕಪಾಟಿನ ಬಾಟಲಿಗಳೆಲ್ಲ ಕಿಣಿಕಿಣಿ ಎಂದವು.

ವಿಸ್ಕಿ ಬಂತು. ಸೋಡಾ, ಐಸು, ಹುರಿದ ಕಡಲೆಬೀಜಕ್ಕೆ ಈರುಳ್ಳಿ ಕೊತ್ತಂಬರಿ ಉದುರಿಸಿದ ತಟ್ಟೆ. ಅಪ್ಪ ಗ್ಲಾಸು ಎತ್ತಿ, ಅಭ್ಯಾಸಬಲದಿಂದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ಈ ಕಡೆ ತಿರುಗ್ರೀ, ಗೋಡೆಗೇನು ತೋರಿಸ್ತೀರಾ?" ಎಂದು ಅಮ್ಮ ಗದರಿದಳು. ನನಗೂ ಶೆಟ್ಟರಿಗೂ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ನೀವೂ ತೆಗೆದುಕೊಳ್ಳಿ ಎಂದು ಅಪ್ಪ ಒತ್ತಾಯಿಸಿದರೆ, "ನಾನು ಇವತ್ತಿನವರೆಗೆ ನಾಲಗೆಗೆ ತಾಗಿಸಿದವನಲ್ಲ ರಾಯರೇ. ನನಗೆ ಸೋಲ್‌ಕಡಿ ಸಾಕು," ಎಂದು ಕೋಕಂ ಹುಳಿ ಹಾಕಿದ ಗುಲಾಬಿ ಬಣ್ಣದ ತೆಂಗಿನಹಾಲು ತರಿಸಿಕೊಂಡರು.

"ಸುಜಾತಮ್ಮನವರು, ಅಕ್ಷತಾ ಇಲ್ಲಿಗೆ ಬರೋದಿಲ್ವೇ?" ಎಂದು ಅಮ್ಮ ಕೇಳಿದಳು.

ಶೆಟ್ಟರ ನಗು ನಿಂತಿತು. "ಇಲ್ಲಮ್ಮ. ಅವರಿಬ್ಬರೂ ಈ ಮೆಟ್ಟಿಲು ಹತ್ತಿದ್ದೇ ಇಲ್ಲ. ನಾನೇ ಬಿಡ್ಲಿಲ್ಲ. ಹೆಣ್ಣುಮಕ್ಕಳು ಬರುವ ಜಾಗ ಅಲ್ಲ ಅಂತ. ಶಾಲೆಯಲ್ಲಿ ಕೇಳಿದ್ರೆ ಪಪ್ಪಾ ಕೇಟರಿಂಗ್ ಅಂತ ಹೇಳು ಅಂತ ಕಲಿಸಿದ್ದೂ ನಾನೇ."

"ನಾನು ಬಂದು ಕೂತಿಲ್ವೇ? ಕರೆಸಿ," ಎಂದಳು ಅಮ್ಮ.

ಮಧ್ಯಾಹ್ನದ ಹೊತ್ತಿಗೆ ಡೊಂಬಿವಲಿಯಿಂದ ಸುಜಾತಕ್ಕ ಬಂದರು. ವಾಶಿಯಿಂದ ಗುರು, ಅಕ್ಷತಾ ಅರ್ಧ ರಜೆ ಹಾಕಿ ಓಡಿಬಂದರು. ಗುರುವಿನ ಮುಖ ಪರೀಕ್ಷೆಯ ಫಲಿತಾಂಶಕ್ಕೆ ನಿಂತವನಂತಿತ್ತು. ಅಪ್ಪನ ಕೈಯಲ್ಲಿ ಗ್ಲಾಸು, ಅಮ್ಮನ ಕೈಯಲ್ಲಿ ಕಾಫಿ ನೋಡಿ ಅವನು ಬಾಗಿಲಲ್ಲೇ ಕಂಬವಾದ. ಅಕ್ಷತಾ ಮೆಟ್ಟಿಲ ಕೆಳಗೇ ನಿಂತುಬಿಟ್ಟಿದ್ದಳು. ಶೆಟ್ಟರು ಪರದೆ ಪೂರ್ತಿ ಸರಿಸಿ ಹಿಡಿದು, "ಬಾ ಮಗಾ," ಎಂದರು. ಅಮ್ಮ ಇಳಿದು ಹೋಗಿ ಅವಳ ಕೈ ಹಿಡಿದು ಹತ್ತಿಸಿದಳು.

ಅವಳು ಒಂದೊಂದನ್ನೂ ನೋಡಿದಳು. ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಕ್ಕೆ ಹಚ್ಚಿದ ದೀಪ, ಒಗೆದ ಮೇಜುಬಟ್ಟೆಗಳು, ಸಾಲಾಗಿ ನಿಲ್ಲಿಸಿದ ಬಾಟಲಿಗಳು, ತನ್ನ ಅಪ್ಪ ದಿನಾ ಕೂರುವ ಸವೆದ ಕುರ್ಚಿ. "ಪಪ್ಪಾ, ಯಹಾಂ ತೋ ಕಿತನಾ ಸಾಫ್ ಹೈ!" ಎಂದಳು. ಇಲ್ಲಿ ಎಷ್ಟು ಸ್ವಚ್ಛವಾಗಿದೆ ಎಂದು. ಇಷ್ಟು ವರ್ಷ ಅವಳು ಈ ಜಾಗವನ್ನು ಎಷ್ಟು ಕೊಳಕಾಗಿ ಊಹಿಸಿಕೊಂಡಿದ್ದಳೋ ಏನೋ. ಶೆಟ್ಟರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಅಪ್ಪನ ಕಣ್ಣೂ ಒದ್ದೆಯಾಗಿತ್ತು. ವಿಸ್ಕಿಯ ದೆಸೆಯಿಂದ ಎಂದು ಅವರು ಇವತ್ತಿಗೂ ಸಾಧಿಸುತ್ತಾರೆ.

ನನ್ನ ಬಿಯರಿನ ವಿಷಯ ಹೇಳದಿದ್ದರೆ ಈ ಬರಹಕ್ಕೆ ನಾನು ಮೋಸ ಮಾಡಿದ ಹಾಗೆ. "ಬಾಟ್ಲಿ ಬಿಯರ್ ನಿಮಗೆ ಆಗುದಿಲ್ವಾ?" ಎಂದು ನಾನು ಅರ್ಧಕ್ಕೇ ಬಿಟ್ಟ ಗ್ಲಾಸು ನೋಡಿ ಶೆಟ್ಟರು ಛೇಡಿಸಿದ್ದಕ್ಕೆ, ಸಂಜೆ ಗಲ್ಲಾ ಹುಡುಗರಿಗೆ ಬಿಡಿಸಿ, ಎಲ್ಲರನ್ನೂ ಠಾಣೆಯ ಆ ಬಿಯರ್ ಮನೆಗೆ ಹೊರಡಿಸಿಕೊಂಡು ಹೋದೆ. ಎತ್ತರದ ಗಾಜಿನ ಗೋಡೆ, ಅದರಾಚೆ ಫಳಫಳ ಹೊಳೆಯುವ ಸ್ಟೀಲ್ ಕೊಳಗಗಳು, ಈಚೆ ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳು. ಸಣ್ಣ ಸಣ್ಣ ಗ್ಲಾಸುಗಳಲ್ಲಿ ಆರು ಬಗೆ ತಂದಿಟ್ಟರು. ಗೋಧಿಯದು ತಿಳಿ ಹಳದಿ, ಬಾಳೆಹಣ್ಣಿನ ಘಮ. ಕಪ್ಪಗಿನದು ಹುರಿದ ಕಾಫಿಬೀಜದಂತೆ ಕಹಿ. ಆ ದಿನದ ವಿಶೇಷ, ಕೋಕಂ ಹಾಕಿದ್ದು, ಹುಳಿ ಹುಳಿ. ಅದು ನನಗೆ ಎಷ್ಟು ಹಿಡಿಸಿತೆಂದರೆ ಎರಡನೆಯದು ತರಿಸಿದೆ. ಅಮ್ಮ ಕಪ್ಪಗಿನದಕ್ಕೆ ಮೂಗು ತಂದು ಮೂಸಿ, "ಇದು ನಮ್ಮ ರಾಗಿ ಹುರಿಹಿಟ್ಟಿನ ವಾಸನೆ ಕಣೇ!" ಎಂದು ಬೆರಗಾದಳು. ತುಟಿಗೆ ಸೋಕಿಸಿ, "ಥೂ, ಇದಕ್ಕೆ ಮುನ್ನೂರು ರೂಪಾಯಿಯೇ?" ಎಂದು ದೂಡಿದಳು. ಅಪ್ಪ ಒಂದೊಂದನ್ನೂ ಗಂಭೀರವಾಗಿ ಸವಿದು, "ಬಾರ್ಲಿ ನೀರು. ಜ್ವರ ಬಂದವರಿಗೆ ಒಳ್ಳೇದು," ಎಂದರು.

ಶೆಟ್ಟರು ಮಾತ್ರ ಗಾಜಿಗೆ ಕೈ ಆನಿಸಿ ಬಹಳ ಹೊತ್ತು ನೋಡುತ್ತ ನಿಂತಿದ್ದರು. "ನೋಡಿ ರಾಯರೇ, ನಾವು ಪರದೆ ಹಾಕಿ ಮಾಡಿದ ವ್ಯಾಪಾರ, ಇವರು ಗಾಜು ಹಾಕಿ ಮಾಡ್ತಾ ಇದ್ದಾರೆ," ಎಂದರು.

ಮದುವೆಯ ಮಾತು ಅಲ್ಲೇ, ಕಡಲೆಬೀಜದ ತಟ್ಟೆಯ ಸುತ್ತ ನಡೆಯಿತು. ಅಮ್ಮ ಫಾಲ್ಗುಣದಲ್ಲಿ ಒಂದು ಮುಹೂರ್ತ ಹೇಳಿದಳು. ಅಪ್ಪ ತಡೆದು, "ಅವತ್ತು ಡ್ರೈ ಡೇ ಇದೆಯೋ ನೋಡಿ. ಇಲ್ಲದಿದ್ರೆ ಶೆಟ್ಟರಿಗೆ ರಜೆ ಎಲ್ಲಿಂದ?" ಎಂದರು.

"ಬೇಡ," ಎಂದರು ಶೆಟ್ಟರು. "ಸರ್ಕಾರ ಹೇಳಿದ ದಿನ ಎಷ್ಟೋ ಸಲ ಮುಚ್ಚಿದ್ದೇನೆ. ನನ್ನ ಮಗಳಿಗೋಸ್ಕರ ಒಂದು ದಿನ ನಾನಾಗಿ ಮುಚ್ತೇನೆ." ಗುರು ಮೇಜಿನ ಕೆಳಗೆ ಅಕ್ಷತಾಳ ಕೈ ಹಿಡಿದುಕೊಂಡದ್ದನ್ನು ಎಲ್ಲರೂ ನೋಡಿದೆವು. ಯಾರೂ ನೋಡದ ಹಾಗೆ ಇದ್ದೆವು. ಸಂಪ್ರದಾಯ ಅಷ್ಟು ಬೇಗ ಹೋಗುತ್ತದೆಯೇ?

ಮಂಗಳವಾರ ಬೆಳಿಗ್ಗೆ ಕಲ್ಯಾಣ್‌ನಿಂದಲೇ ನಮ್ಮ ರೈಲು. ಕಳಿಸಿಕೊಡಲು ಗುರು ಒಬ್ಬನೇ ಬಂದಿದ್ದ. "ಬೀಗರು ಬರಲಿಲ್ಲವಲ್ಲೋ," ಎಂದು ಅಮ್ಮ ಸ್ವಲ್ಪ ಸಪ್ಪೆಯಾದಳು. ರಾತ್ರಿ ಅಂಗಡಿ ಮುಚ್ಚುವುದು ತಡ, ಮಲಗಿರುತ್ತಾರೆ ಬಿಡು ಎಂದು ಅಪ್ಪ ಸಮಾಧಾನ ಹೇಳಿದರು. ರೈಲು ಹೊರಟಿತು. ಕವಲು ಹಳಿಗಳ ಮೇಲೆ ಇನ್ನೂ ಮೆಲ್ಲನೆ ಹೊರಳುತ್ತಿತ್ತು. ಆಗ ಅಮ್ಮ, "ಅಯ್ಯೋ, ಇಲ್ಲಿ ನೋಡ್ರೀ!" ಎಂದು ಕಿಟಕಿಯ ಗಾಜು ಬಡಿದಳು.

ಹಳಿಯ ಪಕ್ಕದ ಬೀದಿಯಲ್ಲಿ, ‘ಬಾರ್ ಅಂಡ್ ರೆಸ್ಟೋರೆಂಟ್’ ಎಂಬ ದೊಡ್ಡ ಅಕ್ಷರಗಳ ನೇರ ಕೆಳಗೆ ಶೆಟ್ಟರು ನಿಂತಿದ್ದರು. ಒಂದು ಪಕ್ಕದಲ್ಲಿ ಸುಜಾತಕ್ಕ, ಇನ್ನೊಂದು ಪಕ್ಕದಲ್ಲಿ ಅಕ್ಷತಾ. ಬೆಳಗಿನ ಒಳ್ಳೆಯ ಬಿಸಿಲು, ಆಫೀಸಿಗೆ ಹೋಗುವವರು, ಶಾಲೆಯ ಮಕ್ಕಳು, ಇಡೀ ಬೀದಿ ನೋಡುತ್ತಿತ್ತು. ಶೆಟ್ಟರ ಕೈ ಮಗಳ ಹೆಗಲ ಮೇಲಿತ್ತು. ಮೂವರೂ ಒಂದೊಂದು ಕೈ ಎತ್ತಿ ಪ್ರತಿ ಬೋಗಿಗೂ ಬೀಸುತ್ತಿದ್ದರು. ನಾವು ಯಾವುದರಲ್ಲಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ಅಪ್ಪ ಸೀಟಿನಿಂದ ಎದ್ದು ನಿಂತು, ರೈಲು ತಿರುವು ದಾಟುವವರೆಗೂ ಕೈ ಬೀಸುತ್ತಲೇ ಇದ್ದರು.